ಆದೇಶ ಕೊಡುವವರಿಲ್ಲದ ಕಡೆ ಯೋಜನೆ ಹಾಕುವುದು

ಕಡತವೊಂದನ್ನು ತೆರೆಯಲು ಅದರ ಮೇಲೆ ಒಂದು ಸಲ ಕ್ಲಿಕ್ ಮಾಡಿದರೆ ಸಾಕೋ, ಎರಡು ಸಲ ಮಾಡಬೇಕೋ ಎಂಬ ಪ್ರಶ್ನೆಗೆ ತಾನು ಮೊದಲು ಕೊಟ್ಟಿದ್ದ ಉತ್ತರವನ್ನು ಬದಲಿಸಿಕೊಳ್ಳಲು ಕೆಡಿಇ ಸಮುದಾಯಕ್ಕೆ 25 ವರ್ಷಗಳಷ್ಟು ಕಾಲ ಹಿಡಿಯಿತು. ಗಣಕವನ್ನು ನಡೆಸುವ ಮುಕ್ತ ವ್ಯವಸ್ಥೆಯಾದ ಲಿನಕ್ಸ್ ಬಳಸುವವರಿಗೆ ಕೆಡಿಇ ಪರಿಚಿತ ಹೆಸರು. ಉಳಿದವರಿಗಾಗಿ ಹೇಳುವುದಾದರೆ, ಗಣಕವನ್ನು ಚಾಲೂ ಮಾಡಿದೊಡನೆ ಕಾಣುವ ಪರದೆ, ಮೆನು, ಕಿಟಕಿಗಳು, ಕಡತಗಳನ್ನು ನೋಡಿಕೊಳ್ಳುವ ತಂತ್ರಾಂಶ, ಚಿತ್ರ ಬಿಡಿಸುವ ಮತ್ತು ಬರೆಯುವ ತಂತ್ರಾಂಶಗಳು, ಇವೆಲ್ಲವನ್ನೂ ಬಹುಪಾಲು ಸ್ವಯಂಸೇವಕರೇ ಬರೆದು, ಮೂಲ ಕೋಡಿನ ಸಮೇತ ಎಲ್ಲರಿಗೂ ಹಂಚುವ ಬಳಗ ಅದು. ಅದರ ಆರಂಭದ ದಿನಗಳಿಂದಲೂ ಒಂದೇ ಕ್ಲಿಕ್ಕಿಗೆ ಕಡತ ತೆರೆದುಕೊಳ್ಳುತ್ತಿತ್ತು. ಬೇರೆ ವ್ಯವಸ್ಥೆಗಳಲ್ಲಿ ಕೈ ಪಳಗಿದವರು ಕಡತವನ್ನು ಆಯ್ದುಕೊಳ್ಳಲು ಹೋಗಿ ತೆರೆದುಬಿಟ್ಟು ಗಾಬರಿಯಾಗುತ್ತಿದ್ದರು. ಈ ವಿಷಯದಲ್ಲಿ ವರ್ಷಗಟ್ಟಲೆ ವಾದ ನಡೆದಿತ್ತು, ಎರಡೂ ಪಕ್ಷದವರ ಬಳಿ ಒಳ್ಳೆಯ ಕಾರಣಗಳಿದ್ದವು, ಯಾರೂ ಸೋತಿರಲಿಲ್ಲ.

2023ರ ಮೇ ತಿಂಗಳಲ್ಲಿ ಜರ್ಮನಿಯ ಆಗ್ಸ್‌ಬರ್ಗ್ ಊರಿನಲ್ಲಿ, ಲಿನಕ್ಸ್ ಲ್ಯಾಪ್‌ಟಾಪುಗಳನ್ನು ಮಾರುವ ಟುಕ್ಸೆಡೊ ಕಂಪ್ಯೂಟರ್ಸ್ ಸಂಸ್ಥೆಯ ಕಚೇರಿಯಲ್ಲಿ, ಕೆಡಿಇಯ ಪ್ಲಾಸ್ಮಾ ಡೆಸ್ಕ್‌ಟಾಪನ್ನು ಬರೆಯುವ ತಂಡ ಕೆಲವು ದಿನ ಒಟ್ಟಿಗೆ ಕುಳಿತಿತು. ಮುಂದಿನ ಪ್ರಮುಖ ಆವೃತ್ತಿಯಾದ ಪ್ಲಾಸ್ಮಾ 6ರಲ್ಲಿ ಎರಡು ಕ್ಲಿಕ್ಕೇ ಇರಲಿ, ಒಂದೇ ಕ್ಲಿಕ್ ಬೇಕಾದವರು ಬದಲಿಸಿಕೊಳ್ಳಲಿ ಎಂದು ಅಲ್ಲಿ ಒಮ್ಮತಕ್ಕೆ ಬಂದರು. ಸ್ವಂತ ಗಣಕದಲ್ಲಿ ಒಂದೇ ಕ್ಲಿಕ್ ಇಷ್ಟಪಡುವವರೂ ಇದಕ್ಕೆ ಒಪ್ಪಿದರು ಎಂಬುದೇ ಇದರಲ್ಲಿ ನನಗೆ ಹೆಚ್ಚು ಸ್ವಾರಸ್ಯವಾಗಿ ಕಂಡ ಸಂಗತಿ. ಹೊಸ ವಾದವೇನೂ ಅಲ್ಲಿ ಹುಟ್ಟಿರಲಾರದು. ಹಳೆಯ ವಾದಗಳನ್ನೇ ಎದುರುಬದುರು ಕುಳಿತು ಹೇಳಿದಾಗ, ಯಾವುದು ನನ್ನ ರುಚಿ, ಯಾವುದು ಹೊಸಬನ ಕಷ್ಟ ಎಂಬುದನ್ನು ಬೇರ್ಪಡಿಸಿ ನೋಡುವುದು ಅವರಿಗೆ ಸಾಧ್ಯವಾಗಿರಬೇಕು ಎಂದು ನನ್ನ ಊಹೆ.

ಕೆಲವು ವರ್ಷಗಳಿಂದ ಬಿಡುವಿನ ವೇಳೆಯಲ್ಲಿ ಡೆಸ್ಕ್‌ಟಾಪ್ ತಂತ್ರಾಂಶಗಳ ಕನ್ನಡ ಅನುವಾದ ಮಾಡುತ್ತಿರುವ ನನಗೆ ಈ ಕೂಟಗಳ ಬಗ್ಗೆ ಬಹಳ ದಿನ ಅನುಮಾನವೇ ಇತ್ತು. ಸಂಬಳ ಕೊಡುವವರಿಲ್ಲ, ಮೇಲಧಿಕಾರಿ ಇಲ್ಲ, ಮಾಡದಿದ್ದರೆ ಕೇಳುವವರಿಲ್ಲ. ಹೀಗಿರುವಾಗ ಯೋಜನೆ ಹಾಕಿ ಏನು ಪ್ರಯೋಜನ? (ಕನ್ನಡದಲ್ಲಿ ಪ್ಲಾನಿಗೂ ಪ್ರಾಜೆಕ್ಟಿಗೂ ನಾವು ಯೋಜನೆ ಎಂಬ ಒಂದೇ ಪದವನ್ನು ಬಳಸುತ್ತೇವೆ. ಅನುವಾದ ಮಾಡುವಾಗ ಇದು ಕೊಡುವ ಕಾಟ ಅಷ್ಟಿಷ್ಟಲ್ಲ, ಆದ್ದರಿಂದ ಈ ಬರಹದಲ್ಲಿ ಯೋಜನೆ ಎಂದರೆ ಪ್ಲಾನ್ ಮಾತ್ರ.) ಆ ಅನುಮಾನ ಈಗ ಬಹುಮಟ್ಟಿಗೆ ಕರಗಿದೆ. ಇಂತಹ ಸಮುದಾಯದಲ್ಲಿ ಯೋಜನೆ ಎಂಬುದು ಒಬ್ಬರು ಬರೆದು ಇತರರಿಗೆ ಹಂಚುವ ಕಾಗದವಲ್ಲ. ಕೆಲಸ ಮಾಡುವವರೇ ಬಾಯಿಬಿಟ್ಟು 'ಇದನ್ನು ನಾನು ಮಾಡುತ್ತೇನೆ' ಎಂದು ನಾಲ್ಕು ಜನರ ಮುಂದೆ ಒಪ್ಪಿಕೊಂಡ ಮಾತುಗಳ ಮೊತ್ತ. ಕೂಟಗಳು ಇರುವುದು ಆ ಮಾತನ್ನು ಹೊರಡಿಸುವುದಕ್ಕೆ.

ಕೆಡಿಇ ಹುಟ್ಟಿದ್ದೂ ಒಂದು ಕರೆಯಿಂದಲೇ. 1996ರ ಅಕ್ಟೋಬರ್ 14ರಂದು ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಮಥಿಯಾಸ್ ಎಟ್ರಿಖ್, ಯೂನಿಕ್ಸ್ ಗಣಕಗಳಿಗೆ ಸಾಮಾನ್ಯ ಬಳಕೆದಾರರೂ ಬಳಸಬಹುದಾದ ಡೆಸ್ಕ್‌ಟಾಪ್ ಒಂದನ್ನು ಕಟ್ಟೋಣ, ಪ್ರೋಗ್ರಾಮರುಗಳು ಬೇಕಾಗಿದ್ದಾರೆ ಎಂದು ಅಂತರಜಾಲದಲ್ಲಿ ಪ್ರಕಟಿಸಿದರು. ಮುಂದಿನ ವರ್ಷದ ಆಗಸ್ಟ್ ಕೊನೆಯಲ್ಲಿ ಆರ್ನ್ಸ್‌ಬರ್ಗ್ ಎಂಬ ಊರಿನಲ್ಲಿ, ಅಲ್ಲಿಯವರೆಗೆ ಪರದೆಯ ಮೇಲಿನ ಹೆಸರುಗಳಷ್ಟೇ ಆಗಿದ್ದವರು ಮೊದಲ ಸಲ ಮುಖ ನೋಡಿಕೊಂಡರು. ಆ ಸಭೆಯನ್ನು ಇಂದಿಗೂ ಕೆಡಿಇ ಒನ್ ಎಂದೇ ಕರೆಯುತ್ತಾರೆ. ಅದೇ ವರ್ಷದ ನವೆಂಬರಿನಲ್ಲಿ ಸಮುದಾಯದ ಪರವಾಗಿ ಹಣ ಮತ್ತು ಕಾನೂನಿನ ವ್ಯವಹಾರ ನೋಡಿಕೊಳ್ಳಲು ಕೆಡಿಇ ಇ.ವಿ. ಎಂಬ ಸಂಘ ಸ್ಥಾಪನೆಯಾಯಿತು. ನಮ್ಮ ನೋಂದಾಯಿತ ಸಂಘಗಳಲ್ಲಿ ವಾರ್ಷಿಕ ಮಹಾಸಭೆ ಇರುವ ಹಾಗೆ ಅಲ್ಲಿಯೂ ಸದಸ್ಯರ ಸಭೆ ಸೇರಲೇಬೇಕು. ಹೇಗೂ ಸಭೆಗೆ ಬರುತ್ತೀರಿ, ಜೊತೆಗೆ ಒಂದು ವಾರ ಕೆಲಸವನ್ನೂ ಮಾಡೋಣ ಎಂಬ ವ್ಯವಹಾರ ಬುದ್ಧಿ ಮುಂದೆ ದೊಡ್ಡ ಸಮ್ಮೇಳನಗಳಿಗೆ ದಾರಿ ಮಾಡಿಕೊಟ್ಟಿತು. 2003ರಲ್ಲಿ ಚೆಕ್ ಗಣರಾಜ್ಯದ ನೋವೆ ಹ್ರಾಡಿ, 2004ರಲ್ಲಿ ಲುಡ್ವಿಗ್ಸ್‌ಬರ್ಗ್, ಅಲ್ಲಿಂದಾಚೆ ಅಕಾಡೆಮಿ ಎಂಬ ಹೆಸರಿನಲ್ಲಿ ಪ್ರತಿವರ್ಷ ಒಂದೊಂದು ಊರು.

ಎರಡನೆಯ ಸಭೆಯ ಬಗ್ಗೆ ಆ ಸಮುದಾಯದ ಹಳಬರು ಇಂದಿಗೂ ಹೇಳಿಕೊಳ್ಳುವ ಕಥೆಯೊಂದಿದೆ. 1999ರ ಅಕ್ಟೋಬರಿನಲ್ಲಿ ಎರ್ಲಾಂಗನ್‌ನಲ್ಲಿ ಸೇರಿದಾಗ, ಒಂದು ತಂತ್ರಾಂಶ ಮತ್ತೊಂದರೊಡನೆ ಮಾತನಾಡಲು ಕೋರ್ಬಾ ಎಂಬ ಭಾರಿ ವ್ಯವಸ್ಥೆಯನ್ನು ಅಳವಡಿಸುವ ಪ್ರಯತ್ನ ನಡೆದಿತ್ತು. ಅದು ನಿಧಾನವಾಗಿತ್ತು, ಅರ್ಥ ಮಾಡಿಕೊಳ್ಳುವುದೂ ಕಷ್ಟವಾಗಿತ್ತು. ಅದಕ್ಕೆ ಸುರಿದ ಶ್ರಮ ದೊಡ್ಡದಾಗಿದ್ದರಿಂದ ಬಿಡೋಣ ಎನ್ನಲು ಯಾರಿಗೂ ಬಾಯಿ ಬರುತ್ತಿರಲಿಲ್ಲ. ಆ ಸಭೆಯ ಸಮಯದಲ್ಲಿ ಎಟ್ರಿಖ್ ಮತ್ತು ಪ್ರೆಸ್ಟನ್ ಬ್ರೌನ್ ಇಬ್ಬರೂ ಒಂದು ರಾತ್ರಿ ಕುಳಿತು ಅದಕ್ಕಿಂತ ಬಹಳ ಸರಳವಾದ ಡಿಕಾಪ್ ಎಂಬ ವ್ಯವಸ್ಥೆಯ ಮೊದಲ ರೂಪವನ್ನು ಬರೆದರಂತೆ. ಕೆಡಿಇ 2 ಮತ್ತು 3ರ ಉದ್ದಕ್ಕೂ ಡಿಕಾಪ್ ದುಡಿಯಿತು; ಇಂದು ಬಹುತೇಕ ಎಲ್ಲ ಲಿನಕ್ಸ್ ಡೆಸ್ಕ್‌ಟಾಪುಗಳಲ್ಲಿ ಇದೇ ಕೆಲಸ ಮಾಡುವ ಡಿ-ಬಸ್ ರೂಪುಗೊಂಡಾಗ ಅದರ ಮಾದರಿಯಿಂದಲೇ ಕಲಿಯಿತು. ಒಂದು ರಾತ್ರಿ ಎಂಬುದರಲ್ಲಿ ಸ್ವಲ್ಪ ಉಪ್ಪು ಖಾರ ಸೇರಿರಬಹುದು. ಆದರೂ ಇಂತಹ ನಿರ್ಧಾರ ದೂರದಲ್ಲಿ ಕುಳಿತು ಪತ್ರ ಬರೆದುಕೊಳ್ಳುವವರ ನಡುವೆ ಏಕೆ ಕಷ್ಟ ಎಂಬುದು ನನಗೆ ಸ್ಪಷ್ಟವಾಗಿಯೇ ಕಾಣುತ್ತದೆ. ಇನ್ನೊಬ್ಬರ ಎರಡು ವರ್ಷದ ಕೆಲಸವನ್ನು ಬದಿಗಿಡೋಣ ಎಂದು ಬರೆದು ಕಳುಹಿಸಿದರೆ ಅದು ಅವಮಾನದಂತೆ ಓದಿಸಿಕೊಳ್ಳುತ್ತದೆ. ಅದೇ ಮಾತನ್ನು ಊಟದ ಮೇಜಿನಲ್ಲಿ ಹೇಳಿ, ಬೆಳಿಗ್ಗೆ ಅದಕ್ಕೆ ಬದಲಿಯನ್ನು ಪರದೆಯ ಮೇಲೆ ಓಡಿಸಿ ತೋರಿಸಿದರೆ, ಕೋಪ ಮಾಡಿಕೊಳ್ಳಬೇಕಾದವರೇ ಪಕ್ಕದಲ್ಲಿ ಕುಳಿತು ಬಗ್ ಹುಡುಕುತ್ತಾರೆ.

ಸಭೆ ನಡೆಸಿದ ಮಾತ್ರಕ್ಕೆ ಯೋಜನೆ ಗೆಲ್ಲುತ್ತದೆ ಎಂದು ನಾನು ಹೇಳಲಾರೆ. ಕೆಡಿಇ 4.0ರ ಕಥೆ ಎದುರಿಗೇ ಇದೆ. 2006ರ ಜುಲೈನಲ್ಲಿ ನಾರ್ವೆಯ ಟ್ರಿಸಿಲ್‌ನಲ್ಲಿ ಆ ಆವೃತ್ತಿಯ ಬುನಾದಿಯ ಕೆಲಸಕ್ಕೆಂದೇ ಒಂದು ವಾರದ ಸಭೆ ನಡೆದಿತ್ತು. ಬಿಡುಗಡೆಯ ದಿನ ಮುಂದಕ್ಕೆ ಹೋಗಿ ಹೋಗಿ ಕೊನೆಗೆ 2008ರ ಜನವರಿ 11ರಂದು 4.0 ಹೊರಬಂತು. ಒಳಗಿನವರ ಯೋಜನೆ ತರ್ಕಬದ್ಧವಾಗಿಯೇ ಇತ್ತು: ಅಡಿಯಲ್ಲಿರುವ ಲೈಬ್ರರಿಗಳನ್ನು, ಎಂದರೆ ಹಲವು ತಂತ್ರಾಂಶಗಳು ಹಂಚಿಕೊಂಡು ಬಳಸುವ ಕೋಡನ್ನು, ಸ್ಥಿರವೆಂದು ಘೋಷಿಸಿದರೆ ಮಾತ್ರ ಇತರ ತಂತ್ರಾಂಶಗಳ ಲೇಖಕರು ತಮ್ಮ ಕೋಡನ್ನು ಅದರ ಮೇಲಕ್ಕೆ ತರುತ್ತಾರೆ, ಆದ್ದರಿಂದ 4.0 ಆ ಲೇಖಕರಿಗಾಗಿ, ಸಾಮಾನ್ಯ ಬಳಕೆದಾರರು ಇನ್ನೊಂದೆರಡು ಆವೃತ್ತಿ ಕಾಯಲಿ. ಆದರೆ ಆವೃತ್ತಿಯ ಸಂಖ್ಯೆ ಜನರಿಗೆ ಹೇಳಿದ್ದು ಬೇರೆಯೇ ಮಾತು. ಸೊನ್ನೆ ಎಂದರೆ ಸಿದ್ಧವಾಗಿದೆ ಎಂದು ಜನ ತಿಳಿದರು. ಲಿನಕ್ಸನ್ನು ಇತರ ತಂತ್ರಾಂಶಗಳೊಡನೆ ಕಟ್ಟಿ ಹಂಚುವ ವಿತರಣೆಗಳೂ ಹಾಗೆಯೇ ತಿಳಿದವು. 2008ರ ಮೇ ತಿಂಗಳಲ್ಲಿ ಬಂದ ಫೆಡೋರಾ 9 ಈ 4.0 ಸರಣಿಯನ್ನೇ ತನ್ನ ಕೆಡಿಇ ಎಂದು ಕೊಟ್ಟಿತು. ಪರದೆಯ ಕೆಳಗಿರುವ ಪಟ್ಟಿಯನ್ನು ಹಿಂದಿನಂತೆ ಬೇಕಾದ ಹಾಗೆ ಬದಲಿಸಿಕೊಳ್ಳಲೂ ಆಗದೆ ಜನ ಸಿಟ್ಟಾದರು. ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ ಕೂಡ ಆ ಕಾಲದಲ್ಲಿ ಕೆಡಿಇ ಬಿಟ್ಟು ಗ್ನೋಮ್ ಎಂಬ ಇನ್ನೊಂದು ಡೆಸ್ಕ್‌ಟಾಪಿನ ಕಡೆ ಹೋದರು.

ನನ್ನ ಅಭಿಪ್ರಾಯದಲ್ಲಿ ಅದು ತಾಂತ್ರಿಕ ಸೋಲಲ್ಲ, ಸಭೆಯ ಒಳಗಿದ್ದವರ ಸೋಲೂ ಅಲ್ಲ. ಕೋಣೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ ಕೋಣೆಯಿಂದ ಹೊರಗೆ ಹೊರಡಲಿಲ್ಲ. ಅಲ್ಲಿದ್ದವರಿಗೆ ಅದು ಎಷ್ಟು ಸ್ಪಷ್ಟವಾಗಿತ್ತೆಂದರೆ, ಹೇಳಬೇಕೆಂದು ಹೊಳೆಯಲಿಲ್ಲ. ಹೇಳಿದ್ದೂ ದೊಡ್ಡ ಸಂಖ್ಯೆಯ ಸದ್ದಿನಲ್ಲಿ ಕೇಳಿಸಲಿಲ್ಲ. ಮದುವೆಯ ಮನೆಯಲ್ಲಿ ಹಿರಿಯರು ಒಳಕೋಣೆಯಲ್ಲಿ ಎಲ್ಲ ಮಾತುಕತೆ ಮುಗಿಸಿ, ಹೊರಗೆ ಬಂದು ಚಪ್ಪರದಲ್ಲಿ ಇದ್ದವರಿಗೆ ಮುಹೂರ್ತ ಬದಲಾದದ್ದನ್ನು ಹೇಳದೆ ಹೋದ ಹಾಗೆ.

ಅದಾದ ನಂತರದ ಕೆಲಸ ಮಾತ್ರ ನಿಜವಾಗಿ ಪಾಠ ಕಲಿತವರ ಕೆಲಸ. ಸ್ವಿಟ್ಜರ್ಲೆಂಡಿನ ವಾಲೆ ಪ್ರಾಂತದಲ್ಲಿ, ಜೆರ್ಮಟ್‌ಗೆ ಹೋಗುವ ಕಣಿವೆಯಲ್ಲಿ ರಾಂಡಾ ಎಂಬ ಹಳ್ಳಿಯಿದೆ. 2009ರಿಂದ ಹಲವು ವರ್ಷ ಅಲ್ಲಿನ ದೊಡ್ಡ ಮನೆಯೊಂದರಲ್ಲಿ ಕೆಡಿಇಯವರು ಸೇರುತ್ತಿದ್ದರು: ಒಂದೇ ಸೂರಿನಡಿ ವಾಸ, ಒಂದೇ ಅಡುಗೆಮನೆಯ ಊಟ, ದಿನವಿಡೀ ಕೋಡು. 2011ರ ಜೂನ್‌ನಲ್ಲಿ ಅಲ್ಲಿ ನಡೆದ ಪ್ಲಾಟ್‌ಫಾರ್ಮ್ 11 ಎಂಬ ಕೂಟದಲ್ಲಿ, ಒಂದಕ್ಕೊಂದು ಹೆಣೆದುಕೊಂಡು ಬೃಹದಾಕಾರವಾಗಿ ಬೆಳೆದಿದ್ದ ಕೆಡಿಇ ಲೈಬ್ರರಿಗಳನ್ನು ಚಿಕ್ಕ ಚಿಕ್ಕ ಸ್ವತಂತ್ರ ತುಂಡುಗಳಾಗಿ ಬಿಡಿಸಬೇಕೆಂದು ತೀರ್ಮಾನವಾಯಿತು. ಯಾವ ತುಂಡು ಯಾವುದರ ಮೇಲೆ ಅವಲಂಬಿಸಬಹುದು, ಯಾವುದರ ಮೇಲೆ ಕೂಡದು ಎಂಬುದಕ್ಕೆ ಮೂರು ಶ್ರೇಣಿಗಳನ್ನು ಗುರುತಿಸಿದರು. ಮೊದಲ ಶ್ರೇಣಿಯ ತುಂಡಿಗೆ, ಕೆಡಿಇ ನಿಂತಿರುವ ತಳಹದಿಯಾದ ಕ್ಯೂಟಿ ಎಂಬ ಲೈಬ್ರರಿ ಬಿಟ್ಟರೆ ಕೆಡಿಇಯ ಇನ್ನಾವ ತುಂಡಿನ ಹಂಗೂ ಇರಬಾರದು, ಎರಡನೆಯದು ಮೊದಲನೆಯದನ್ನು ಮಾತ್ರ ಬಳಸಬಹುದು, ಹೀಗೆ. 2014ರ ಜುಲೈನಲ್ಲಿ ಕೆಡಿಇ ಫ್ರೇಮ್‌ವರ್ಕ್ಸ್ 5 ಹೊರಬಂದಾಗ ಅದರಲ್ಲಿ ಇಂತಹ 50ಕ್ಕೂ ಹೆಚ್ಚು ತುಂಡುಗಳಿದ್ದವು, ಮತ್ತು ಅಲ್ಲಿಂದ ಮುಂದೆ ಅವು ತಿಂಗಳಿಗೊಮ್ಮೆ ಬಿಡುಗಡೆಯಾಗತೊಡಗಿದವು.

ಮೂರು ವರ್ಷ ಹಿಡಿದ ಈ ಕೆಲಸವನ್ನು ನಾನು ಪದೇ ಪದೇ ಉದಾಹರಿಸುತ್ತೇನೆ. ರಾಂಡಾದಲ್ಲಿ ಯಾರೂ ಮೂರು ವರ್ಷದ ವೇಳಾಪಟ್ಟಿ ಹಾಕಿ ಜನರಿಗೆ ಕೆಲಸ ಹಂಚಿರಲಿಲ್ಲ. ಅಲ್ಲಿ ರೂಪುಗೊಂಡದ್ದು ಒಂದು ನಿಯಮ. ನಿಯಮ ಸ್ಪಷ್ಟವಾಗಿದ್ದರೆ, ಆ ಸಭೆಗೆ ಬಾರದವರೂ ಒಂದು ಶನಿವಾರ ಮಧ್ಯಾಹ್ನ ಕುಳಿತು ಒಂದು ತುಂಡನ್ನು ಬಿಡಿಸಬಹುದು. ತಾವು ಮಾಡಿದ್ದು ಸರಿಯೋ ತಪ್ಪೋ ಎಂದು ಯಾರನ್ನೂ ಕೇಳಬೇಕಾಗುವುದಿಲ್ಲ. ಸ್ವಯಂಸೇವಕರ ನಡುವೆ ಬಾಳಿಕೆ ಬರುವ ಯೋಜನೆ ಎಂದರೆ ಇಂಥದ್ದು.

ಅಕಾಡೆಮಿಯಂತಹ ದೊಡ್ಡ ಸಮ್ಮೇಳನಕ್ಕೂ ರಾಂಡಾದಂತಹ ಸ್ಪ್ರಿಂಟಿಗೂ ಇರುವ ವ್ಯತ್ಯಾಸವೂ ಇಲ್ಲೇ. ಸ್ಪ್ರಿಂಟ್ ಎಂದರೆ ಒಂದೇ ವಿಷಯದ ಮೇಲೆ ಕೆಲಸ ಮಾಡುವ ಕೆಲವೇ ಜನ ಕೆಲವು ದಿನ ಒಂದು ಕಡೆ ಕುಳಿತುಕೊಳ್ಳುವುದು. ಅಕಾಡೆಮಿಯಲ್ಲಾದರೆ ಶನಿವಾರ, ಭಾನುವಾರ ಭಾಷಣಗಳು. ನಂತರದ ದಿನಗಳಲ್ಲಿ ಸಮಾನ ಆಸಕ್ತರ ಚಿಕ್ಕ ಚಿಕ್ಕ ಗುಂಪು ಚರ್ಚೆಗಳು. ನಡುವೆ ಒಂದು ದಿನ ಎಲ್ಲರೂ ಸೇರಿ ಊರು ಸುತ್ತುವುದು. ಭಾಷಣಗಳನ್ನು ಮನೆಯಲ್ಲೇ ಕುಳಿತು ವಿಡಿಯೋದಲ್ಲಿ ನೋಡಿದರೂ ನಷ್ಟವಿಲ್ಲ ಎಂಬುದು ನನ್ನ ಮತ. ವಾರದ ದಿನಗಳ ಗುಂಪು ಚರ್ಚೆಗಳೇ ಅದರ ತಿರುಳು, ಮತ್ತು ಊರು ಸುತ್ತುವ ದಿನವನ್ನು ಮೋಜು ಎಂದು ತಳ್ಳಿಹಾಕುವವರು ಒಮ್ಮೆ ಬಸ್ಸಿನಲ್ಲಿ ತಮ್ಮ ಪ್ಯಾಚನ್ನು (ಬರೆದು ಕಳುಹಿಸಿದ ಕೋಡಿನ ತಿದ್ದುಪಡಿಯನ್ನು) ಮೂರು ಸಲ ತಿರಸ್ಕರಿಸಿದವರ ಪಕ್ಕದ ಸೀಟಿನಲ್ಲಿ ಕುಳಿತು ಬರಬೇಕು.

ಇಷ್ಟೆಲ್ಲ ಯುರೋಪಿನ ಊರುಗಳ ಹೆಸರು ಹೇಳಿದ ಮೇಲೆ ನಮ್ಮ ಊರಿನ ವಿಷಯಕ್ಕೆ ಬರುತ್ತೇನೆ. ಭಾರತದ ಮೊದಲ ಕೆಡಿಇ ಸಮ್ಮೇಳನ ನಡೆದದ್ದು ಬೆಂಗಳೂರಿನ ಮೈಸೂರು ರಸ್ತೆಯಲ್ಲಿರುವ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನಲ್ಲಿ, 2011ರ ಮಾರ್ಚ್ 9ರಿಂದ 13ರವರೆಗೆ. ಕೆಲಸಕ್ಕೆ ರಜೆ ಹಾಕಿ ನಾನು ಎರಡು ದಿನ ಹೋಗಿದ್ದೆ. ಅದಾಗಿ ಮೂರು ವಾರಕ್ಕೆ, ಏಪ್ರಿಲ್ 2 ಮತ್ತು 3ರಂದು, ಇನ್ನೊಂದು ದೊಡ್ಡ ಡೆಸ್ಕ್‌ಟಾಪ್ ಸಮುದಾಯವಾದ ಗ್ನೋಮ್‌ನ ಏಷ್ಯಾ ಸಮ್ಮೇಳನ ಕುಮಾರಸ್ವಾಮಿ ಬಡಾವಣೆಯ ದಯಾನಂದ ಸಾಗರ್ ಸಂಸ್ಥೆಯಲ್ಲಿ ನಡೆಯಿತು. ದಿನಾಂಕ ನೋಡಿದೊಡನೆ ಕ್ರಿಕೆಟ್ ಪ್ರಿಯರಿಗೆ ನೆನಪಾಗಿರುತ್ತದೆ: ಮೊದಲ ದಿನವೇ ಮುಂಬೈಯಲ್ಲಿ ಭಾರತ ಮತ್ತು ಶ್ರೀಲಂಕಾ ನಡುವಿನ ವಿಶ್ವಕಪ್ ಫೈನಲ್. ಬಿಡುಗಡೆಯ ವೇಳಾಪಟ್ಟಿಯನ್ನು ಅಷ್ಟು ಎಚ್ಚರದಿಂದ ಹಾಕುವ ಸಮುದಾಯ ಸಮ್ಮೇಳನದ ದಿನಾಂಕ ಗೊತ್ತುಮಾಡುವಾಗ ಈ ದೇಶದ ನಿಜವಾದ ಪಂಚಾಂಗವನ್ನು ನೋಡಲು ಮರೆತಿತ್ತು. ಮಧ್ಯಾಹ್ನದ ಮೇಲೆ ನನ್ನ ಸಾಲಿನಲ್ಲಿ ಕುಳಿತಿದ್ದವರ ಕಣ್ಣು ವೇದಿಕೆಯ ಮೇಲಿತ್ತು, ಕಿವಿ ಮಾತ್ರ ಸ್ಕೋರಿನ ಕಡೆಗಿತ್ತು.

ಅದೇ ವಾರ, ಏಪ್ರಿಲ್ 6ರಂದು, ಗ್ನೋಮ್ 3.0 ಬಿಡುಗಡೆಯಾಯಿತು. ಅದರ ಹಿಂದೆಯೂ ಕೂಟಗಳ ದೊಡ್ಡ ಸರಣಿಯಿದೆ. 2008ರ ಬೇಸಿಗೆಯಲ್ಲಿ ಇಸ್ತಾಂಬುಲ್‌ನಲ್ಲಿ ನಡೆದ ಅವರ ವಾರ್ಷಿಕ ಗ್ವಾಡೆಕ್ ಸಮ್ಮೇಳನದಲ್ಲಿ ಗ್ನೋಮ್ 3 ಬರಲಿದೆ ಎಂಬ ಘೋಷಣೆಯಾಯಿತು; ಅದೇ ವರ್ಷದ ಅಕ್ಟೋಬರಿನಲ್ಲಿ ಬಾಸ್ಟನ್‌ನ ಹ್ಯಾಕ್‌ಫೆಸ್ಟ್ (ಸ್ಪ್ರಿಂಟಿಗೆ ಅವರಿಟ್ಟ ಹೆಸರು) ಒಂದರಲ್ಲಿ ಅದರ ಹೊಸ ರೂಪದ ಮೊದಲ ಚಿತ್ರಗಳು ಮೂಡಿದವು. ಮೊದಲಿಗೆ 2010ರ ಮಾರ್ಚ್ ಎಂದಿದ್ದದ್ದು ಸೆಪ್ಟೆಂಬರ್ ಆಗಿ, ಕೊನೆಗೆ 2011ಕ್ಕೆ ಬಂತು. ಸದಾ ದಿನಾಂಕ ಪಾಲಿಸುವ ಸಮುದಾಯಕ್ಕೆ ಇದು ಸಣ್ಣ ಸಂಕೋಚವಲ್ಲ. 2002ರಲ್ಲಿ ಗ್ನೋಮ್ 2.0 ಬಂದ ಮೇಲೆ ಅವರು ಆರು ತಿಂಗಳಿಗೊಂದು ಆವೃತ್ತಿ, ಮಾರ್ಚ್ ಮತ್ತು ಸೆಪ್ಟೆಂಬರ್ ಎಂಬ ಪದ್ಧತಿಗೆ ನಿಂತಿದ್ದರು. ಯಾವ ಸೌಲಭ್ಯ ಸಿದ್ಧವಾಗುತ್ತದೆ ಎಂದು ಯಾರೂ ಮಾತು ಕೊಡಲಾರರು, ಆದ್ದರಿಂದ ದಿನಾಂಕಕ್ಕೆ ಮಾತು ಕೊಡೋಣ, ಸಿದ್ಧವಾದದ್ದು ಹೋಗಲಿ, ಆಗದ್ದು ಮುಂದಿನ ಸಲ ಹೋಗಲಿ ಎಂಬುದು ಅದರ ತತ್ತ್ವ. ರಥೋತ್ಸವದ ತಿಥಿ ಗೊತ್ತಾದ ಮೇಲೆ ಹೂವಿನ ಹಾರ ಪೂರ್ತಿಯಾಗಲಿಲ್ಲವೆಂದು ತೇರನ್ನು ಯಾರೂ ನಿಲ್ಲಿಸುವುದಿಲ್ಲ. ಆದಷ್ಟು ಹಾರ ಏರಿಸಿ ಎಳೆಯುತ್ತಾರೆ.

ಅನುವಾದಕರಾದ ನಮಗೆ ಈ ಇಡೀ ಯೋಜನೆಯಲ್ಲಿ ನಿಜವಾಗಿ ತಟ್ಟುವುದು ಒಂದೇ ದಿನಾಂಕ: ಸ್ಟ್ರಿಂಗ್ ಫ್ರೀಜ್. ಆ ದಿನದಿಂದ ಬಿಡುಗಡೆಯವರೆಗೆ ಪರದೆಯ ಮೇಲೆ ಕಾಣುವ ಯಾವ ವಾಕ್ಯವನ್ನೂ ಅಭಿವರ್ಧಕರು ಬದಲಿಸುವಂತಿಲ್ಲ. ಅನುವಾದಕರಿಗೆ ಸಿಗುವುದು ಆ ಕೆಲವು ವಾರಗಳು. ಅಭಿವರ್ಧಕರಿಗೆ ಅದೊಂದು ತೊಡಕು. ಒಂದು ಕಾಗುಣಿತದ ತಪ್ಪನ್ನು ತಿದ್ದಬೇಕಾದರೂ ಅನುಮತಿ ಕೇಳಬೇಕು, ಅಷ್ಟೊಂದು ಏಕೆ ಎಂದು ಹೊಸಬರು ಗೊಣಗುತ್ತಾರೆ. ಮೂಲದಲ್ಲಿ ಒಂದೇ ಒಂದು ಚುಕ್ಕೆ ಬದಲಾದರೂ ಆ ವಾಕ್ಯದ ಅನುವಾದ ಎಲ್ಲ ಭಾಷೆಗಳಲ್ಲಿಯೂ ಅನುಮಾನಾಸ್ಪದ ಎಂಬ ಗುರುತು ಪಡೆದು ಬಿದ್ದುಹೋಗುತ್ತದೆ, ಮತ್ತು ಬಳಕೆದಾರನ ಪರದೆಯಲ್ಲಿ ಕನ್ನಡ ಮೆನುವಿನ ನಡುವೆ ಒಂದು ಸಾಲು ಇಂಗ್ಲಿಷ್ ಹಲ್ಲುಕಿರಿಯುತ್ತದೆ.

2011ರ ಆ ಮಾರ್ಚಿನಲ್ಲಿ, ಊಟದ ವಿರಾಮದಲ್ಲಿ, ಬೇರೆ ದೇಶದಿಂದ ಬಂದಿದ್ದ ಒಬ್ಬ ಅಭಿವರ್ಧಕರ ಪಕ್ಕದಲ್ಲಿ ಕುಳಿತೆ. ಅವರ ತಂತ್ರಾಂಶದಲ್ಲಿ 'ಅಳಿಸು' ಎಂಬ ಅರ್ಥದ ಪದವನ್ನು ಮೊದಲು ಇಟ್ಟು, ಅದರ ಮುಂದೆ ಕಡತದ ಹೆಸರನ್ನು ಅಂಟಿಸಿ ವಾಕ್ಯ ಕಟ್ಟಲಾಗುತ್ತಿತ್ತು. ಎರಡು ತುಂಡುಗಳನ್ನೂ ಬೇರೆ ಬೇರೆಯಾಗಿಯೇ ಅನುವಾದಕ್ಕೆ ಕೊಟ್ಟಿದ್ದರು. ಕನ್ನಡದಲ್ಲಿ ಕ್ರಿಯಾಪದ ಕೊನೆಯಲ್ಲಿ ಬರುತ್ತದೆ, ಹೆಸರಿಗೆ ವಿಭಕ್ತಿ ಪ್ರತ್ಯಯ ಬೇಕು, ಆದ್ದರಿಂದ ಹೆಸರು ಬರಬೇಕಾದ ಜಾಗವನ್ನು ಗುರುತಿಸಿ ಇಡೀ ವಾಕ್ಯವನ್ನು ಒಟ್ಟಿಗೆ ಕೊಟ್ಟರೆ ಮಾತ್ರ 'ಇಂಥದ್ದನ್ನು ಅಳಿಸು' ಎಂದು ಬರೆಯಲು ಆಗುತ್ತದೆ ಎಂದು ವಿವರಿಸಿದೆ. ಹಾಗೆಯೇ, ಗುಂಡಿಯ ಮೇಲಿರುವ 'ತೆರೆ' ಮತ್ತು ಸ್ಥಿತಿಯನ್ನು ಹೇಳುವ 'ತೆರೆದಿದೆ' ಎರಡಕ್ಕೂ ಇಂಗ್ಲಿಷಿನಲ್ಲಿ ಒಂದೇ ಪದವಿರುವುದರಿಂದ, ಅದು ಎಲ್ಲಿ ಬರುತ್ತದೆ ಎಂಬ ಟಿಪ್ಪಣಿ ಜೊತೆಗಿರದಿದ್ದರೆ ನಾವು ಕುರುಡರಂತೆ ಊಹಿಸಬೇಕಾಗುತ್ತದೆ ಎಂದೂ ಹೇಳಿದೆ. ಅಂತಹ ಟಿಪ್ಪಣಿ ಬರೆಯುವ ಸೌಲಭ್ಯ ಕೆಡಿಇಯಲ್ಲಿ ಆಗಲೇ ಇತ್ತು. ಅವರು ಬಳಸಿರಲಿಲ್ಲ ಅಷ್ಟೆ. ಅವರು ಬಿಸಿಬೇಳೆಬಾತಿನ ತಟ್ಟೆಯನ್ನು ಪಕ್ಕಕ್ಕಿಟ್ಟು, ಲ್ಯಾಪ್‌ಟಾಪ್ ತೆರೆದು, ಅಲ್ಲೇ ತಿದ್ದಿದರು. ಅದೇ ದೋಷವನ್ನು ನಾನು ಅದಕ್ಕೆ ತಿಂಗಳುಗಳ ಮುಂಚೆ ಬಗ್ ಎಂದು ದಾಖಲಿಸಿದ್ದೆ. ಅದನ್ನು ಅವರು ಓದಿಯೂ ಇದ್ದರು, ಅರ್ಥವಾಗಿರಲಿಲ್ಲವಂತೆ.

ಆದರೂ ಭಾರತದ ಈ ಸಮ್ಮೇಳನಗಳ ಬಗ್ಗೆ ನನಗೊಂದು ತಕರಾರಿದೆ. ಬೆಂಗಳೂರಿನ ನಂತರ ಗಾಂಧಿನಗರ, ಕೇರಳದ ಅಮೃತಪುರಿ, ಜೈಪುರ, ಗುವಾಹಟಿ, ದೆಹಲಿ, 2024ರಲ್ಲಿ ಪುಣೆ ಎಂದು ಅವು ಊರೂರು ಸುತ್ತಿವೆ. ಎಲ್ಲ ಕಡೆಯೂ ಸಭಾಂಗಣದ ತುಂಬ ವಿದ್ಯಾರ್ಥಿಗಳು. ಅವರಿಗೆ ಮೊದಲ ಪ್ಯಾಚ್ ಕಳುಹಿಸುವುದು ಹೇಗೆಂದು ಹೇಳಿಕೊಡುವುದು ಮುಖ್ಯ ಉದ್ದೇಶ. ಅದು ಬೇಕಾದ ಕೆಲಸವೇ. ಆದರೆ ಅವು ಹೆಬ್ಬಾಗಿಲುಗಳು. ಯೋಜನೆ ರೂಪುಗೊಳ್ಳುವ ಒಳಕೋಣೆಗಳು ಬಹುಕಾಲ ಯುರೋಪಿನಲ್ಲೇ ಉಳಿದವು. ಒಳಕೋಣೆಗೆ ಹೋಗಬೇಕಾದರೆ ವೀಸಾ ಬೇಕು. ನಾನೂ ಒಮ್ಮೆ ಅಂತಹ ಸ್ಪ್ರಿಂಟ್ ಒಂದಕ್ಕೆ ಹೊರಟಿದ್ದೆ. ಆಹ್ವಾನ ಪತ್ರವಿತ್ತು, ಪ್ರಯಾಣದ ಖರ್ಚು ಭರಿಸುತ್ತೇವೆಂಬ ಒಪ್ಪಿಗೆಯಿತ್ತು, ಬ್ಯಾಂಕಿನ ಕಾಗದಗಳೆಲ್ಲ ಇದ್ದವು. ಸಂಬಳವಿಲ್ಲದೆ ಏಕೆ ಇಷ್ಟು ದೂರ ಹೋಗಿ ಕೆಲಸ ಮಾಡುತ್ತೀರಿ ಎಂದು ಕಿಟಕಿಯ ಆಚೆಯಿದ್ದವರು ಕೇಳಿದ ಪ್ರಶ್ನೆಗೆ ನನ್ನ ಉತ್ತರ ಅವರಿಗೆ ನಂಬಿಕೆ ಹುಟ್ಟಿಸಲಿಲ್ಲವೆಂದು ಕಾಣುತ್ತದೆ. ಪಾಸ್‌ಪೋರ್ಟ್ ವೀಸಾದ ಸಮೇತವೇ ವಾಪಸು ಬಂತು, ಆದರೆ ಕೂಟ ಮುಗಿದ ಮೂರನೆಯ ದಿನ.

ಖರ್ಚು ಭರಿಸುವ ಪದ್ಧತಿಯಲ್ಲಿಯೂ ಒಂದು ಸೂಕ್ಷ್ಮವಿದೆ. ಕೆಡಿಇ ಇ.ವಿ. ಯಾಗಲಿ ಗ್ನೋಮ್ ಫೌಂಡೇಶನ್ ಆಗಲಿ ಪ್ರಯಾಣಕ್ಕೆ ನೆರವು ಕೊಡುವುದರಲ್ಲಿ ಉದಾರವಾಗಿಯೇ ನಡೆದುಕೊಂಡಿವೆ. ಆದರೆ ಸಾಮಾನ್ಯವಾಗಿ ಮೊದಲು ನಾವೇ ಟಿಕೆಟ್ ಕೊಂಡು, ಹೋಗಿ ಬಂದು, ರಸೀದಿ ಸಲ್ಲಿಸಿದ ಮೇಲೆ ಹಣ ಬರುತ್ತದೆ. ಸಂಬಳ ಬರುವವರಿಗೆ ಇದು ತೊಂದರೆಯಲ್ಲ. ದಾವಣಗೆರೆಯಲ್ಲೋ ಹಾಸನದಲ್ಲೋ ಓದುತ್ತಿರುವ ಹುಡುಗಿಯೊಬ್ಬಳು ಫ್ರಾಂಕ್‌ಫರ್ಟಿನ ಟಿಕೆಟ್ಟಿಗೆ ಮುಂಗಡ ಹಣ ಎಲ್ಲಿಂದ ತಂದಾಳು? ಮನೆಯವರನ್ನು ಕೇಳಿದರೆ ಮೇಲೆ ಹೇಳಿದ ಕಿಟಕಿಯ ಪ್ರಶ್ನೆಯನ್ನೇ ಅವರೂ ಕೇಳುತ್ತಾರೆ.

2020 ಮತ್ತು 2021ರಲ್ಲಿ ಸಾಂಕ್ರಾಮಿಕದ ಕಾರಣ ಅಕಾಡೆಮಿ ಸಂಪೂರ್ಣ ಆನ್‌ಲೈನ್ ಆದಾಗ ನಮ್ಮಂಥವರಿಗೆ ಮೊದಲ ಸಲ ಒಳಕೋಣೆಯ ಬಾಗಿಲು ತೆರೆಯಿತು. ಅಲ್ಲಿನ ಬೆಳಗಿನ ಹತ್ತು ನಮಗೆ ಮಧ್ಯಾಹ್ನದ ಒಂದೂವರೆ. ಊಟ ಮುಗಿಸಿ ಕುಳಿತರೆ ಸರಿಹೋಗುತ್ತಿತ್ತು. ಅನುವಾದಕರ ಗುಂಪು ಚರ್ಚೆಯಲ್ಲಿ ನಾನು ಬಾಯಿಬಿಟ್ಟು ಮಾತನಾಡಿದ್ದೂ ಆಗಲೇ. ಆದರೆ ಗಂಟೆ ಮುಗಿದೊಡನೆ ಪರದೆ ಆರಿಹೋಗುತ್ತಿತ್ತು. ಬಾಗಿಲ ಬಳಿ ನಿಂತು 'ಅಂದ ಹಾಗೆ' ಎಂದು ಶುರುವಾಗುವ ಮಾತಿಗೆ ಅಲ್ಲಿ ಜಾಗವೇ ಇರಲಿಲ್ಲ. ಈಗ ಮತ್ತೆ ಊರುಗಳಲ್ಲಿ ಸೇರುತ್ತಿದ್ದಾರೆ, ಜೊತೆಗೆ ದೂರದವರಿಗೂ ಕೇಳಿಸುವ ವ್ಯವಸ್ಥೆ ಇಟ್ಟಿದ್ದಾರೆ. ಕೇಳಿಸುವುದು ಬೇರೆ, ಮಾತಿನಲ್ಲಿ ಪಾಲ್ಗೊಳ್ಳುವುದು ಬೇರೆ ಎಂಬುದು ಅಂತಹ ಚರ್ಚೆಯಲ್ಲಿ ಒಮ್ಮೆ ಕುಳಿತವರಿಗೆಲ್ಲ ಗೊತ್ತು.

ಯೋಜನೆಯ ವಿಷಯದಲ್ಲಿ ಕೆಡಿಇ ಮಾಡಿದ ಇನ್ನೊಂದು ಪ್ರಯೋಗ ನನಗೆ ಬಹಳ ಮೆಚ್ಚುಗೆಯಾಗಿದೆ. 2017ರಿಂದ ಕೆಲವು ವರ್ಷಗಳಿಗೊಮ್ಮೆ ಇಡೀ ಸಮುದಾಯಕ್ಕೆ ಮೂರು ಗುರಿಗಳನ್ನು ಆರಿಸಿಕೊಳ್ಳುತ್ತಾರೆ. ಯಾರು ಬೇಕಾದರೂ ಗುರಿಯನ್ನು ಸೂಚಿಸಬಹುದು, ಆದರೆ ಸೂಚಿಸಿದವರು ಅದರ ಮುಂದಾಳತ್ವ ವಹಿಸಲು ಸಿದ್ಧರಿರಬೇಕು, ಆಮೇಲೆ ಮತದಾನ. 2019ರಲ್ಲಿ ಮಿಲಾನ್‌ನ ಅಕಾಡೆಮಿಯಲ್ಲಿ ಘೋಷಿಸಿದ ಮೂರರಲ್ಲಿ ವೇಲ್ಯಾಂಡ್ ಒಂದು. ಪರದೆಯ ಮೇಲೆ ಚಿತ್ರ ಮೂಡಿಸುವ ದಶಕಗಳಷ್ಟು ಹಳೆಯ ಎಕ್ಸ್11 ವ್ಯವಸ್ಥೆಯನ್ನು ಬಿಟ್ಟು ಹೊಸದಕ್ಕೆ ಹೋಗುವ ಆ ಕೆಲಸ ಯಾರಿಗೂ ಪ್ರಿಯವಾದದ್ದಲ್ಲ. ಮುಗಿಸಿದರೆ ಯಾರ ಕಣ್ಣಿಗೂ ಬೀಳುವುದಿಲ್ಲ, ಕೆಟ್ಟರೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಗುರಿಯೆಂಬ ಹಣೆಪಟ್ಟಿ ಬಿದ್ದದ್ದರಿಂದ ಯಾರ ಮೇಲೂ ಒತ್ತಾಯ ಬರಲಿಲ್ಲ, ಆದರೆ ಆ ಕೆಲಸಕ್ಕೆ ಕೈಹಾಕಿದವರಿಗೆ ತಾವು ಒಬ್ಬಂಟಿಯಲ್ಲ ಎಂದು ಗೊತ್ತಾಯಿತು. ಅದೇ ವರ್ಷದ ನವೆಂಬರಿನಲ್ಲಿ ಬರ್ಲಿನ್‌ನಲ್ಲಿ ಫ್ರೇಮ್‌ವರ್ಕ್ಸ್ 6ರ ಸ್ಪ್ರಿಂಟ್ ನಡೆದು, ಮಾಡಬೇಕಾದ ಕೆಲಸಗಳ ಉದ್ದನೆಯ ಹಲಗೆಯೊಂದು ಎಲ್ಲರಿಗೂ ಕಾಣುವಂತೆ ತೆರೆದುಕೊಂಡಿತು. 2024ರ ಫೆಬ್ರವರಿ 28ರಂದು ಪ್ಲಾಸ್ಮಾ 6, ಫ್ರೇಮ್‌ವರ್ಕ್ಸ್ 6 ಮತ್ತು ತಂತ್ರಾಂಶಗಳ ಹೊಸ ಕಂತು ಮೂರೂ ಒಟ್ಟಿಗೆ, ಮೊದಲೇ ಹೇಳಿದ್ದ ದಿನದಂದೇ ಹೊರಬಂದವು. ಬಳಕೆದಾರ ಏನೂ ಬದಲಿಸದಿದ್ದರೆ ಓಡುವುದು ವೇಲ್ಯಾಂಡ್ ಆಗಿತ್ತು, ಕಡತ ಎರಡು ಕ್ಲಿಕ್ಕಿಗೆ ತೆರೆಯುತ್ತಿತ್ತು. 2008ರಂತಹ ಗದ್ದಲವಾಗಲಿಲ್ಲ. 2023ರ ನವೆಂಬರಿನಿಂದಲೇ ಆಲ್ಫಾ, ಬೀಟಾ ಎಂಬ ಪರೀಕ್ಷಾರ್ಥ ಆವೃತ್ತಿಗಳು ಪ್ರಕಟಿತ ದಿನಾಂಕಗಳಲ್ಲಿ ಬರುತ್ತಿದ್ದವು, ಏನು ಬದಲಾಗಲಿದೆ, ಏಕೆ ಎಂಬುದನ್ನು ಆಗ್ಸ್‌ಬರ್ಗ್‌ನಲ್ಲಿದ್ದವರು ತಿಂಗಳುಗಳ ಮುಂಚೆಯೇ ಬಿಡಿಸಿ ಬರೆದಿದ್ದರು. ಈ ಸಲ ಚಪ್ಪರದಲ್ಲಿದ್ದವರಿಗೂ ಮುಹೂರ್ತ ತಿಳಿದಿತ್ತು.

ಮಿಲಾನಿಗೂ ಬರ್ಲಿನಿಗೂ ಹೋಗಲಾರದ ನಾವು ಮೂವರು ಕಳೆದ ಮಳೆಗಾಲದ ಒಂದು ಭಾನುವಾರ ಬಸವನಗುಡಿಯ ಮನೆಯೊಂದರ ಜಗಲಿಯಲ್ಲಿ ನಮ್ಮದೇ ಸ್ಪ್ರಿಂಟ್ ಮಾಡಿದೆವು. ಚರ್ಚೆಗಿದ್ದದ್ದು ಹಳೆಯ ಅನುವಾದದಲ್ಲಿ ಉಳಿದುಕೊಂಡಿರುವ 'ಸಿದ್ಧತೆಗಳು' ಎಂಬ ಪದ. ಸೆಟ್ಟಿಂಗ್ಸ್ ಎನ್ನುವುದಕ್ಕೆ ಅದನ್ನು ಬಳಸುತ್ತ ಬಂದಿದ್ದೇವೆ; ಇಂದು ಫೋನಿನಲ್ಲಿ ಕನ್ನಡ ಬಳಸುವವರಿಗೆ 'ಸೆಟ್ಟಿಂಗ್‌ಗಳು' ಎಂಬುದೇ ರೂಢಿ. ನಮ್ಮಲ್ಲಿ ಹಿರಿಯರಾದ ಮೇಷ್ಟ್ರು 'ಸಿದ್ಧತೆ' ಎಂದರೆ ಪರೀಕ್ಷೆಗೆ ಮಾಡುವುದು ಎಂದರು. ನಾನು ಹಳೆಯದರ ಪರ ವಾದಿಸಿದೆ. ಎರಡು ಸುತ್ತು ಕಾಫಿಯಾದ ಮೇಲೆ, ನನಗೆ ಆ ಪದದ ಮೇಲಿರುವುದು ಅದನ್ನು ಸಾವಿರಾರು ಕಡೆ ನಾನೇ ಟೈಪು ಮಾಡಿದ್ದೇನೆಂಬ ಮಮಕಾರ ಮಾತ್ರ ಎಂದು ಒಪ್ಪಿಕೊಳ್ಳಬೇಕಾಯಿತು. ಬದಲಿಸುವುದೆಂದು ತೀರ್ಮಾನವಾಯಿತು. ಯಾರು ಬದಲಿಸುತ್ತಾರೆ ಎಂದು ಮೇಷ್ಟ್ರು ಕೇಳಿದಾಗ ಸ್ವಲ್ಪ ಹೊತ್ತು ಮಳೆಯ ಸದ್ದಷ್ಟೇ ಇತ್ತು. ಕಡತ ನಿರ್ವಾಹಕದ ಭಾಗ ನಾನು ಮಾಡುತ್ತೇನೆ ಎಂದೆ, ಪ್ಲಾಸ್ಮಾದ್ದು ನನ್ನದು ಎಂದು ಇನ್ನೊಬ್ಬರು ಹೇಳಿದರು. ಮೇಷ್ಟ್ರು ಇಬ್ಬರ ಹೆಸರನ್ನೂ ಹಳೆಯ ಡೈರಿಯೊಂದರಲ್ಲಿ ಬರೆದು, ಪಕ್ಕದಲ್ಲಿ ಸ್ಟ್ರಿಂಗ್ ಫ್ರೀಜ್‌ನ ದಿನಾಂಕ ಹಾಕಿ, ಸಂಜೆಯೇ ಅದರ ಫೋಟೋ ತೆಗೆದು ಬಾರದಿದ್ದವರಿಗೂ ಕಳುಹಿಸಿದರು.